ಪಾಳೆಯಪಟ್ಟು ಅಳಿಯಿತು, ಪೇಟೆ ಉಳಿಯಿತು

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ನಿವಾಸಿಗಳಿಗೆ ಮಾಗಡಿ ರಸ್ತೆ ಎಂದೊಡನೆ ನೆನಪಾಗುವುದು ವಾಹನಗಳ ದಟ್ಟಣೆ. ಆದರೆ ಈ ರಸ್ತೆಯ ಎರಡು ತುದಿಗಳ ನಡುವೆ ಒಂದು ಮನೆತನದ ಏಳುಬೀಳಿನ ಕಥೆಯಿದೆ. ಒಂದು ತುದಿಯಲ್ಲಿ ಆ ಮನೆತನ ಕಟ್ಟಿದ ಪೇಟೆ; ಇನ್ನೊಂದು ತುದಿಯಲ್ಲಿ, ಪೇಟೆಯನ್ನು ಕಳೆದುಕೊಂಡ ಮೇಲೆ ಅದು ಆಶ್ರಯಿಸಿದ ಮಾಗಡಿ.

ಯಲಹಂಕ ನಾಡಪ್ರಭುಗಳು ಸಿಂಹಾಸನದ ವಾರಸುದಾರರಾಗಿ ಹುಟ್ಟಿದವರಲ್ಲ. ಕಂಚಿಯ ಸೀಮೆಯಿಂದ ವಲಸೆ ಬಂದು ದೇವನಹಳ್ಳಿ ಬಳಿಯ ಆವತಿಯಲ್ಲಿ ನೆಲೆಸಿದ ಮೊರಸು ಒಕ್ಕಲಿಗರ ಮುಖಂಡ ರಣಭೈರೇಗೌಡನೇ ಈ ವಂಶದ ಮೂಲಪುರುಷನೆಂಬುದು ಐತಿಹ್ಯ. ಅದೇ ಬಳಗದ ಕವಲುಗಳು ದೇವನಹಳ್ಳಿ, ಚಿಕ್ಕಬಳ್ಳಾಪುರ, ಯಲಹಂಕಗಳಲ್ಲಿ ಬೇರೂರಿದವು. ಯಲಹಂಕದ ಕವಲಿನ ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕೋಟೆ-ಪೇಟೆಗಳನ್ನು ಕಟ್ಟಿದರು. ಮೆಚ್ಚಿದ ವಿಜಯನಗರದ ಅರಸರು ಹಲವು ಹೋಬಳಿಗಳನ್ನು ಉಂಬಳಿಯಾಗಿ ಕೊಟ್ಟರು. ಇಂದಿನ ಪಶ್ಚಿಮ ಬೆಂಗಳೂರಿನ ಕೆಂಗೇರಿಯೂ ಅವುಗಳಲ್ಲಿ ಒಂದೆನ್ನಲಾಗಿದೆ. ಸ್ವಂತ ನಾಣ್ಯ ಟಂಕಿಸಿದ್ದಕ್ಕಾಗಿ ಅದೇ ಪ್ರಭುತ್ವ ಅವರನ್ನು ಆನೆಗೊಂದಿಯಲ್ಲಿ ಸೆರೆಯಲ್ಲಿಟ್ಟಿತೆಂದೂ ಪರಂಪರೆ ಹೇಳುತ್ತದೆ. ಸಾಮಂತನಿಗೆ ಎಷ್ಟು ಬೆಳೆಯಬಹುದೆಂಬ ಎಲ್ಲೆ ಇತ್ತು.

ಕೆಂಪೇಗೌಡರು ತೀರಿಕೊಂಡದ್ದು 1569ರಲ್ಲಿ. ಅದಕ್ಕೆ ಹತ್ತು ವರ್ಷ ಮೊದಲು, ಚೀನಾದ ಈಶಾನ್ಯ ಗಡಿಯಲ್ಲಿ ನುರ್ಹಾಚಿ ಎಂಬಾತ ಜನಿಸಿದ. ಜುರ್ಚೆನ್ ಬುಡಕಟ್ಟಿನ ಈ ನಾಯಕನೂ ಮೊದಲಿಗೆ ಸಾಮಂತನೇ. ಮಿಂಗ್ ಸಾಮ್ರಾಟರ ಬಿರುದುಗಳನ್ನು ಹೊತ್ತವನೇ. ಚದುರಿದ್ದ ಕುಲಗಳನ್ನು ‘ಎಂಟು ಧ್ವಜ’ಗಳೆಂಬ ದಳಗಳಲ್ಲಿ ಬೆಸೆದು, 1616ರಲ್ಲಿ ತನ್ನನ್ನು ಖಾನನೆಂದು ಘೋಷಿಸಿಕೊಂಡ. ಮಗ ಹೊಂಗ್ ತೈಜಿ 1636ರಲ್ಲಿ ತನ್ನ ರಾಜ್ಯಕ್ಕೆ ಚಿಂಗ್ ಎಂದು ಹೆಸರಿಟ್ಟ. 1644ರಲ್ಲಿ ಮಿಂಗ್ ಪ್ರಭುತ್ವ ಕುಸಿದಾಗ ಆ ಮನೆತನ ಬೀಜಿಂಗ್‌ನ ಸಿಂಹಾಸನವೇರಿತು, 1912ರವರೆಗೂ ಇಳಿಯಲಿಲ್ಲ.

ನಮ್ಮಲ್ಲಿಯೂ ಸಾಮ್ರಾಜ್ಯ ಕುಸಿಯಿತು. 1565ರ ಯುದ್ಧದಲ್ಲಿ ವಿಜಯನಗರ ಸೋತ ಬಳಿಕ ಪಾಳೆಯಗಾರರಿಗೆ ಮೇಲೇಳುವ ಅವಕಾಶವಿತ್ತು. ಅದನ್ನು ಬಳಸಿಕೊಂಡದ್ದು ಮೈಸೂರಿನ ಒಡೆಯರು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಆವತಿಯ ಬಳಗವಾದರೋ ಒಂದೇ ಧ್ವಜದಡಿ ಬರಲಿಲ್ಲ. ಪ್ರತಿ ಕವಲಿಗೂ ಪ್ರತ್ಯೇಕ ಕೋಟೆ, ಪ್ರತ್ಯೇಕ ಪಾಳೆಯಪಟ್ಟು. 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನಿಗೆ ಬೆಂಗಳೂರು ಸೋತಿತು. ಅದು ಶಹಾಜಿಯ ಜಹಗೀರಾಯಿತು. ಕೆಂಪೇಗೌಡರ ವಂಶಸ್ಥರು ಮಾಗಡಿಗೂ ಸಾವನದುರ್ಗಕ್ಕೂ ಸರಿದರು. 1728ರಲ್ಲಿ ಮೈಸೂರಿನ ದಳವಾಯಿಗಳು ಅದನ್ನೂ ಗೆದ್ದರು. ಕೊನೆಯ ಪ್ರಭು ಶ್ರೀರಂಗಪಟ್ಟಣದ ಸೆರೆಯಲ್ಲಿ ತೀರಿಕೊಂಡರು.

ಹಾಗಾದರೆ ಈ ಮನೆತನ ಸೋತಿತೆ? ಸಿಂಹಾಸನವೊಂದೇ ಅಳತೆಗೋಲಾದರೆ ಹೌದು. ಆದರೆ ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆಗಳಲ್ಲಿ ವ್ಯಾಪಾರ ಇಂದಿಗೂ ನಿಂತಿಲ್ಲ. ಬಿಜಾಪುರ, ಮರಾಠ, ಮೊಗಲ, ಮೈಸೂರು, ಬ್ರಿಟಿಷ್ ಎಂದು ಒಡೆಯರು ಬದಲಾದರೂ ಪೇಟೆ ಬದುಕಿತು. ಕಾರಣ ಸರಳ: ಸಮೀಪದಲ್ಲಿ ದೊಡ್ಡ ನದಿಯಿಲ್ಲದ ಎತ್ತರದ ನೆಲದಲ್ಲಿ ಊರು ಕಟ್ಟಿದವರು ಕೆರೆಗಳನ್ನೂ ಕಟ್ಟಿದ್ದರು. ಅವರ ನಿಜವಾದ ರಾಜನೀತಿ ಅದೇ.

ಆ ನೀತಿಯನ್ನು ನಾವು ಹೇಗೆ ಉಳಿಸಿಕೊಂಡಿದ್ದೇವೆ? ಅವರ ಕಾಲದ್ದೆಂದು ಹೇಳಲಾಗುವ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಬಸ್ ನಿಲ್ದಾಣವಿದೆ. ಅದಕ್ಕೆ ಇಟ್ಟಿರುವುದು ಕೆಂಪೇಗೌಡರ ಹೆಸರನ್ನೇ! ಪಶ್ಚಿಮ ಬೆಂಗಳೂರಿನ ಮಳೆನೀರನ್ನು ಹೊತ್ತು ಕೆಂಗೇರಿಯ ಮೂಲಕ ಹರಿಯುತ್ತಿದ್ದ ವೃಷಭಾವತಿ ಇಂದು ಕೊಳಚೆ ಕಾಲುವೆ. 2022ರಲ್ಲಿ ವಿಮಾನ ನಿಲ್ದಾಣದ ಬಳಿ ಖಡ್ಗ ಹಿಡಿದ ಕೆಂಪೇಗೌಡರ 108 ಅಡಿ ಎತ್ತರದ ಪ್ರತಿಮೆ ಅನಾವರಣಗೊಂಡಿತು. ಅಭಿಮಾನ ಪಡಬೇಕಾದ ಸಂಗತಿಯೇ ಸರಿ. ಆದರೆ ಆ ಮನೆತನ ಖಡ್ಗದಿಂದ ಗಳಿಸಿದ್ದು 1728ರಲ್ಲೇ ಕೈಬಿಟ್ಟಿತು. ಗುದ್ದಲಿಯಿಂದ ಗಳಿಸಿಕೊಟ್ಟದ್ದನ್ನು ಕಳೆಯುತ್ತಿರುವವರು ನಾವು.