ಕೇಸು ನಡೆಯುತ್ತಿರುವಾಗಲೇ ಕಾನೂನು ಬದಲಾದರೆ ನಿಮ್ಮ ಪಾಲು ಏನಾಗುತ್ತದೆ?

ಹಾಲು ಉತ್ಪಾದಕ ಸಹೋದರಿಯರೇ,

ಹಾಲಿನ ದರ ಬದಲಾಗಿದೆ ಎಂಬ ಸುತ್ತೋಲೆ ಸಂಘಕ್ಕೆ ಬಂದರೆ ನೀವು ಮೊದಲು ಕೇಳುವುದು ಏನು? "ಯಾವ ತಾರೀಖಿನಿಂದ?" ಎಂದು. ಕಾನೂನಿಗೆ ತಿದ್ದುಪಡಿ ಬಂದಾಗಲೂ ಇದೇ ಪ್ರಶ್ನೆ ಕೇಳಬೇಕು. ಸಾಮಾನ್ಯವಾಗಿ ಹೊಸ ಕಾನೂನು ಮುಂದಿನ ದಿನಗಳಿಗೆ ಅನ್ವಯ. ಹಳೆಯದಕ್ಕೂ ಅನ್ವಯ ಎಂದು ತಿದ್ದುಪಡಿಯೇ ಹೇಳಿದ್ದರೆ, ಕೋರ್ಟಿನಲ್ಲಿ ಬಾಕಿ ಇರುವ ಕೇಸಿನ ದಿಕ್ಕೂ ಬದಲಾಗುತ್ತದೆ.

ಸಂವಿಧಾನದ ಮೊದಲ ತಿದ್ದುಪಡಿಯಲ್ಲೇ ಹೀಗಾಯಿತು. ಬಿಹಾರದ ಜಮೀನ್ದಾರಿ ರದ್ದತಿ ಕಾನೂನನ್ನು ಪಾಟ್ನಾ ಹೈಕೋರ್ಟ್ 1951ರ ಮಾರ್ಚ್‌ನಲ್ಲಿ ಅಸಿಂಧು ಎಂದಿತು. ಜೂನ್‌ನಲ್ಲಿ ಸಂಸತ್ತು ಸಂವಿಧಾನವನ್ನೇ ತಿದ್ದಿ, ಇಂಥ ಭೂಸುಧಾರಣಾ ಕಾನೂನುಗಳಿಗೆ ಹಿಂದಿನಿಂದಲೇ ರಕ್ಷಣೆ ಕೊಟ್ಟಿತು. 1952ರಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿ ತೀರ್ಮಾನಿಸುವಾಗ ಈ ತಿದ್ದುಪಡಿಯನ್ನು ಲೆಕ್ಕಕ್ಕೆ ತೆಗೆದುಕೊಂಡು, ಆ ಕಾನೂನಿನ ಬಹುಪಾಲನ್ನು ಎತ್ತಿಹಿಡಿಯಿತು.

ನಮ್ಮ ಮನೆಗಳಿಗೆ ಹತ್ತಿರದ ಉದಾಹರಣೆ ತವರಿನ ಆಸ್ತಿಯದು. ಇಲ್ಲಿ ಬದಲಾದದ್ದು ಸಂವಿಧಾನವಲ್ಲ, ಹಿಂದೂ ಉತ್ತರಾಧಿಕಾರ ಕಾಯ್ದೆ. ಆದರೆ ಪ್ರಶ್ನೆ ಅದೇ.

ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲು ಬಂತು. ಆದರೆ ಅದಕ್ಕೂ ಮೊದಲು ಮದುವೆಯಾದವರಿಗೆ ಸಿಗಲಿಲ್ಲ. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಈ ಭೇದವನ್ನು ತೆಗೆದುಹಾಕಿತು. "ಆ ದಿನ ತಂದೆ ಬದುಕಿರಬೇಕೇ?" ಎಂಬ ಗೊಂದಲ ವರ್ಷಗಟ್ಟಲೆ ಇತ್ತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಗೆಹರಿಸಿತು: ತಂದೆ ಬದುಕಿರಬೇಕಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ.

ಹಾಗಾದರೆ ಆಗಲೇ ನಡೆಯುತ್ತಿರುವ ಪಾಲಿನ ದಾವೆ? ಇಂಥ ದಾವೆಯಲ್ಲಿ ಎರಡು ಹಂತಗಳಿವೆ. ಯಾರಿಗೆ ಎಷ್ಟು ಪಾಲು ಎಂದು ಹೇಳುವುದು ಪ್ರಾಥಮಿಕ ಡಿಕ್ರಿ. ಜಮೀನು ಅಳೆದು ಹದ್ದು ಗುರುತಿಸಿ ಹಂಚುವುದು ಅಂತಿಮ ಡಿಕ್ರಿ. ಪ್ರಾಥಮಿಕ ಡಿಕ್ರಿ ಆಗಿದ್ದರೂ, ಅಂತಿಮ ಡಿಕ್ರಿಯ ವಿಚಾರಣೆ ಅಥವಾ ಮೇಲ್ಮನವಿ ಬಾಕಿ ಇದ್ದರೆ ಮಗಳಿಗೆ ಸಮಪಾಲು ಕೊಡಬೇಕು ಎಂದು ಕೋರ್ಟ್ ಹೇಳಿದೆ. ನಮ್ಮ ರಾಜ್ಯದ್ದೇ ಒಂದು ಕೇಸಿನಲ್ಲಿ 1992ರಲ್ಲಿ ಪ್ರಾಥಮಿಕ ಡಿಕ್ರಿಯಾಗಿತ್ತು. 1994ರ ಕಾನೂನಿನಂತೆ ಪಾಲು ಹೆಚ್ಚಿಸಬೇಕೆಂದು ಮಗಳು ಕೇಳಿದರು. ಕೆಳಗಿನ ಕೋರ್ಟೂ ಹೈಕೋರ್ಟೂ ಒಪ್ಪಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು.

ಮಿತಿಗಳೂ ಇವೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ವಿಭಾಗ ಪತ್ರದಿಂದ ಅಥವಾ ಕೋರ್ಟ್ ಡಿಕ್ರಿಯಿಂದ ಪಾಲಾಗಿದ್ದರೆ, ಅಥವಾ ಆಸ್ತಿ ಮಾರಾಟವಾಗಿದ್ದರೆ, ಈ ತಿದ್ದುಪಡಿ ಅದನ್ನು ಮುಟ್ಟುವುದಿಲ್ಲ. ಆದರೆ "ಬಾಯಿಮಾತಿನಲ್ಲಿ ಆಗಲೇ ಪಾಲಾಗಿದೆ" ಎಂದಷ್ಟೇ ಹೇಳಿದರೆ ಸಾಲದು. ಅದಕ್ಕೆ ಸರ್ಕಾರಿ ದಾಖಲೆಗಳ ಗಟ್ಟಿ ಆಧಾರ ಬೇಕು. ತಂದೆಯ ಸ್ವಯಾರ್ಜಿತ ಆಸ್ತಿಗೆ ಈ ನಿಯಮ ಅನ್ವಯಿಸುವುದಿಲ್ಲ.

ನೀವು ಮಾಡಬೇಕಾದದ್ದು:

• ತವರಿನ ದಾವೆ ಇದ್ದರೆ, ಅದು ಯಾವ ಹಂತದಲ್ಲಿದೆ ಎಂದು ವಕೀಲರನ್ನು ಕೇಳಿ. ಹೆಚ್ಚಿನ ಪಾಲು ತಾನಾಗಿ ಬರುತ್ತದೆಂದು ಕಾಯಬೇಡಿ, ಅರ್ಜಿ ಹಾಕಿಸಿ.

• ಪಹಣಿ, ವಂಶವೃಕ್ಷ, ಹಳೆಯ ವಿಭಾಗ ಪತ್ರ ಮತ್ತು ಡಿಕ್ರಿಯ ನಕಲು ಒಟ್ಟಿಗೆ ಇಟ್ಟುಕೊಳ್ಳಿ.

• ಹಕ್ಕು ಬಿಡುಗಡೆ ಪತ್ರಕ್ಕೆ ಓದದೆ, ಓದಿಸಿಕೊಳ್ಳದೆ ಸಹಿ ಅಥವಾ ಹೆಬ್ಬೆಟ್ಟು ಹಾಕಬೇಡಿ. ಬಿಟ್ಟುಕೊಡುವುದು ನಿಮ್ಮ ಇಷ್ಟ. ಏನು ಬಿಡುತ್ತಿದ್ದೀರಿ ಎಂದು ತಿಳಿದು ಬಿಡಿ.

• ವಕೀಲರ ಫೀಸಿಗೆ ಹಣವಿಲ್ಲವೆಂದು ಸುಮ್ಮನಿರಬೇಡಿ. ಆದಾಯ ಎಷ್ಟೇ ಇದ್ದರೂ ಮಹಿಳೆಯರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ.

ಅಣ್ಣತಮ್ಮಂದಿರೊಂದಿಗೆ ಕೂತು ಮಾತಾಡಿ ಬಗೆಹರಿಸಿಕೊಂಡರೆ ಎಲ್ಲಕ್ಕಿಂತ ಒಳ್ಳೆಯದು. ಆ ಮಾತಿಗೆ ಕೂರುವಾಗ ನಿಮ್ಮ ಪಾಲು ಎಷ್ಟು ಎಂಬುದು ನಿಮಗೆ ತಿಳಿದಿರಲಿ.