‘ಅಬೌಟ್ ಟರ್ನ್’: ಕವಾಯತಿನಿಂದ ರಾಜಕಾರಣಕ್ಕೆ

ಮುಂಬಯಿ, ಪುಣೆಗಳಲ್ಲಿ ಮರಾಠಿ ಪತ್ರಿಕೆಗಳನ್ನು ಓದುವ ಕನ್ನಡಿಗರಿಗೆ ‘ಘೂಮ್‌ಜಾವ್’ ಎಂಬ ಮಾತು ಹೊಸದಲ್ಲ. ಮುಖಂಡನೊಬ್ಬನು ನಿನ್ನೆಯ ನಿಲುವನ್ನು ತೊರೆದು ಇಂದು ಅದಕ್ಕೆ ತದ್ವಿರುದ್ಧವಾದುದನ್ನು ಸಾರಿದರೆ, ಅವನು ‘ಘೂಮ್‌ಜಾವ್’ ಮಾಡಿದನೆಂದು ಅಲ್ಲಿ ಬರೆಯುತ್ತಾರೆ. ಶಬ್ದದ ರೂಪವೇ ಅದರ ಹುಟ್ಟನ್ನು ಸೂಚಿಸುತ್ತದೆ. ‘ತಿರುಗು’ ಎಂಬ ಹಿಂದುಸ್ತಾನಿ ಆಜ್ಞೆಯು ಮರಾಠಿಯಲ್ಲಿ ನಾಮಪದವಾಗಿ ನೆಲೆನಿಂತಿದೆ. ಇಂಗ್ಲಿಷಿನ ‘ಅಬೌಟ್ ಟರ್ನ್’, ಅಮೆರಿಕದವರ ‘ಅಬೌಟ್ ಫೇಸ್’ಗಳೂ ಕವಾಯತಿನ ಬಯಲಿನಿಂದಲೇ ಬಂದವು. ಇಂಗ್ಲಿಷರು ಫ್ರೆಂಚಿನಿಂದ ಪಡೆದ ‘ವೋಲ್ತ್‌ಫಾಸ್’ ಮಾತ್ರ ಬೇರೆ ಕುಲದ್ದು. ಮುಖ ತಿರುಗಿಸುವುದೆಂಬ ಅರ್ಥದ ಇಟಾಲಿಯನ್ ಶಬ್ದ ಅದರ ಮೂಲ.

1779ರಲ್ಲಿ ಫಾನ್ ಸ್ಟಾಯ್ಬೆನ್ ಅಮೆರಿಕದ ಸೇನೆಗಾಗಿ ರಚಿಸಿದ ನಿಯಮಾವಳಿಯಲ್ಲಿ ಈ ಚಲನೆಗೆ ಮೂರು ಹಂತಗಳಿವೆ. ಬಲಗಾಲನ್ನು ಹಿಂದಕ್ಕಿಟ್ಟು, ಬೂಟಿನ ಬಕಲು ಎಡ ಹಿಮ್ಮಡಿಗೆ ಎದುರಾಗುವಂತೆ ನಿಲ್ಲಿಸಿ, ಬಲಗೈಯಿಂದ ತೋಟಾಪೆಟ್ಟಿಗೆಯನ್ನು ಹಿಡಿದುಕೊಳ್ಳಬೇಕು. ಎರಡೂ ಹಿಮ್ಮಡಿಗಳ ಮೇಲೆ ಚುರುಕಾಗಿ ತಿರುಗಬೇಕು. ಬಳಿಕ ಬಲಗಾಲನ್ನು ಸ್ವಸ್ಥಾನಕ್ಕೆ ತಂದು ಪೆಟ್ಟಿಗೆಯನ್ನು ಬಿಡಬೇಕು. ಸಿಪಾಯಿ ನಿಂತ ನೆಲ ಬದಲಾಗುವುದಿಲ್ಲ, ಸಾಲು ಕದಡುವುದಿಲ್ಲ. ಹಿಂದಿನ ಸಾಲು ಮುಂದಿನದಾಗುತ್ತದೆ, ಅಷ್ಟೆ. ಮುಖ್ಯವಾದ ಸಂಗತಿಯೆಂದರೆ, ಅವನು ತಾನಾಗಿ ತಿರುಗುವುದಿಲ್ಲ. ಆಜ್ಞೆಯಾದಾಗ ತಿರುಗದಿದ್ದರೇ ಅದು ಅಪರಾಧ.

ರಾಜಕಾರಣಕ್ಕೆ ಬಂದ ಶಬ್ದವು ಈ ಆಜ್ಞೆಯನ್ನು ಕಳೆದುಕೊಂಡಿತು. ಕವಾಯತಿನಲ್ಲಿ ವಿಧೇಯತೆಯಾಗಿದ್ದುದು ಇಲ್ಲಿ ಚಂಚಲತೆಯ ನಿಂದೆಯಾಯಿತು. ಆದರೂ ಹಳೆಯ ಅರ್ಥ ಪೂರ್ಣವಾಗಿ ಅಳಿದಿಲ್ಲ. ಎರಡನೆಯ ಮಹಾಯುದ್ಧವನ್ನು ಭಾರತದ ಕಮ್ಯುನಿಸ್ಟ್ ಪಕ್ಷವು ಮೊದಲು ಸಾಮ್ರಾಜ್ಯಶಾಹಿ ಯುದ್ಧವೆಂದು ಖಂಡಿಸಿತ್ತು. 1941ರ ಜೂನ್ 22ರಂದು ಜರ್ಮನಿಯು ಸೋವಿಯತ್ ಒಕ್ಕೂಟದ ಮೇಲೆ ನುಗ್ಗಿತು. ಆ ವರ್ಷ ಮುಗಿಯುವುದರೊಳಗೆ ಪಕ್ಷವು ಅದೇ ಯುದ್ಧವನ್ನು ಜನತಾಯುದ್ಧವೆಂದು ಕರೆಯಿತು. ಟೀಕಾಕಾರರು ಇದರಲ್ಲಿ ಹೊರಗಿನ ಆಜ್ಞೆಯನ್ನು ಕಂಡರು. ಬದಲಾದುದು ಯುದ್ಧದ ಸ್ವರೂಪವೇ ಹೊರತು ತಾವಲ್ಲವೆಂದು ಪಕ್ಷದವರು ವಾದಿಸಿದರು. ‘ಅಬೌಟ್ ಟರ್ನ್’ ಎಂದೊಡನೆ ಈ ವ್ಯಾಜ್ಯದಲ್ಲಿ ತೀರ್ಪು ಕೊಟ್ಟಂತೆಯೇ ಆಗುತ್ತದೆ.

ಕನ್ನಡದಲ್ಲಿ ಇದಕ್ಕೆ ಸರಿದೂಗುವ ಒಂದೇ ಮಾತು ಸುಲಭವಾಗಿ ದೊರೆಯದು. ‘ತಿರುಗಿಬೀಳು’ ಎಂಬುದರಲ್ಲಿ ಬಂಡಾಯವಿದೆ, ‘ಹಿಮ್ಮೆಟ್ಟು’ ಎಂಬುದರಲ್ಲಿ ಸೋಲಿನ ಛಾಯೆಯಿದೆ. ಆಡುಮಾತಿನ ‘ಉಲ್ಟಾ ಹೊಡೆ’ ಅರ್ಥಕ್ಕೆ ಹತ್ತಿರವಾದರೂ ಮೋಸದ ವಾಸನೆ ಅದರಲ್ಲಿ ಬಲವಾಗಿದೆ. ಮೇಲಾಗಿ ‘ಉಲ್ಟಾ’ವೂ ನೆರೆಮನೆಯಿಂದ ತಂದದ್ದೇ. ಹೊಸ ತಿಳಿವಳಿಕೆಯಿಂದ ಪ್ರಾಮಾಣಿಕವಾಗಿ ಅಭಿಪ್ರಾಯ ತಿದ್ದಿಕೊಂಡವನಿಗೆ ಇವುಗಳಲ್ಲಿ ಯಾವುದೂ ಸಲ್ಲದು. ಅವನನ್ನು ಕುರಿತು ಬರೆಯುವ ಪತ್ರಕರ್ತನಿಗೆ ‘ನಿಲುವು ಬದಲಿಸಿದನು’ ಎಂಬ ಸಪ್ಪೆ ಮಾತೇ ಸದ್ಯಕ್ಕೆ ಗತಿ.