ಅಕ್ಕತಂಗಿಯರ ಹಟ್ಟಿಯಿಂದ ಬಂದ ಪುಣ್ಯಕೋಟಿ

ತುರುವೇಕೆರೆ ಎಂಬ ಹೆಸರು ಕಿವಿಗೆ ಬಿದ್ದಾಗಲೆಲ್ಲ ನನಗೆ ಹಸು ನೆನಪಾಗುತ್ತದೆ. ಹಳಗನ್ನಡದಲ್ಲಿ ‘ತುರು’ ಎಂದರೆ ಹಸುವೇ. ತುರುಗಳನ್ನು ಹೊಡೆದೊಯ್ಯಲು ಬಂದವರ ಎದುರು ಕಾದಾಡಿ ಸತ್ತವರಿಗೆ ವೀರಗಲ್ಲು ನಿಲ್ಲಿಸಿದ ನಾಡು ನಮ್ಮದು. ಊರಿನ ಗಂಗಾಧರೇಶ್ವರನ ಗುಡಿಯಲ್ಲಿ ನುಣುಪು ಕಪ್ಪುಕಲ್ಲಿನ ನಂದಿ ಇದೆ. ತಿಪಟೂರಿನ ಕೊಬ್ಬರಿಗೆ ಹೆಸರು ಬಂದಿರುವುದರ ಹಿಂದೆಯೂ ಕೊಟ್ಟಿಗೆಯ ಋಣವಿದೆ. ತೆಂಗಿನ ಬುಡಕ್ಕೆ ತಿಪ್ಪೆಗೊಬ್ಬರ ಬೀಳದೆ ತೋಟ ತೋಟವಾಗಲಿಲ್ಲ.

ಚಿಕ್ಕನಾಯಕನಹಳ್ಳಿಯ ಕಡೆ ಹೋದರೆ ಗೊಲ್ಲರಹಟ್ಟಿಗಳು. ಕಾಡುಗೊಲ್ಲರ ದೈವ ಜುಂಜಪ್ಪನೂ ದನ ಕಾದವನೇ. ಗಣೆ ಎಂಬ ಉದ್ದನೆಯ ಕೊಳಲು ನುಡಿಸುತ್ತಾ ಅವನ ಕಥೆ ಹಾಡುತ್ತಾರೆ. ಕೊಳಲೂದಿ ಹಸುಗಳನ್ನು ಹೆಸರಿಟ್ಟು ಕರೆಯುವ ಕಾಳಿಂಗನೆಂಬ ಗೊಲ್ಲ ‘ಗೋವಿನ ಹಾಡಿ’ನಲ್ಲಿ ಬಂದರೆ ಈ ಸೀಮೆಯವರಿಗೆ ಅವನ ಗುರುತು ಹೇಳಬೇಕಾಗಿಲ್ಲ.

ಆದರೆ ಆ ಹಾಡು ಹೇಳುವ ಪುಣ್ಯಕೋಟಿ ಎಂಬ ಹಸುವಿನ ಕಥೆ ನಮ್ಮಲ್ಲೇ ಹುಟ್ಟಿದ್ದಲ್ಲ. ಪದ್ಮಪುರಾಣದಲ್ಲಿ ನಂದಾ ಎಂಬ ಹಸು ಹುಲಿಗೆ ಮಾತು ಕೊಟ್ಟು ಕರುವಿನ ಬಳಿ ಹೋಗಿ ಮರಳುತ್ತದೆ. ಅಲ್ಲಿನ ಹುಲಿ ಪ್ರಭಂಜನನೆಂಬ ರಾಜ, ಶಾಪಕ್ಕೆ ಸಿಕ್ಕಿದವನು. ಹಸುವಿನಿಂದ ಅವನಿಗೆ ಬಿಡುಗಡೆ. ಉತ್ತರದಲ್ಲಿ ಇದೇ ಹಸು ಬಹುಲಾ. ಅವಳ ಹೆಸರಿನಲ್ಲಿ ಇಂದಿಗೂ ಚೌತಿಯ ವ್ರತವಿದೆ.

ಕನ್ನಡದ ಹಾಡುಗಾರ ಮಾಡಿದ ಕೆಲಸವನ್ನು ನಾನು ದೊಡ್ಡದೆಂದೇ ತಿಳಿದಿದ್ದೇನೆ. ಅವನ ಹೆಸರು ಉಳಿದಿಲ್ಲ. ಅವನು ಶಾಪವನ್ನು ತೆಗೆದುಹಾಕಿದ. ಹುಲಿ ಬರೀ ಹುಲಿ, ಹಸಿದ ಹುಲಿ. ಹಸು ಕೊಟ್ಟ ಮಾತಿನಂತೆ ಬಂದು ನಿಂತಾಗ ಹುಲಿಯ ಒಳಗೇ ಏನೋ ಮುರಿಯುತ್ತದೆ. ಇಂಥವಳನ್ನು ತಿಂದು ಬದುಕಲಾರೆನೆಂದು ತಾನೇ ಪ್ರಾಣ ಬಿಡುತ್ತದೆ. ಯಾವ ದೇವರೂ ಇಳಿದುಬಂದು ಅದನ್ನು ತಿದ್ದುವುದಿಲ್ಲ. ಇನ್ನು ಆ ಬೀಳ್ಕೊಡುಗೆ! ತಾಯಿ ತನ್ನ ಕರುವನ್ನು ಒಪ್ಪಿಸುವುದು ಕಾಳಿಂಗನಿಗಲ್ಲ, ಹಟ್ಟಿಯ ಹಸುಗಳಿಗೆ. ಅವರನ್ನು ಅಕ್ಕತಂಗಿಯರೆಂದು ಕರೆದು, ಇದು ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಎಂದು ಬೇಡಿಕೊಳ್ಳುತ್ತಾಳೆ. ತಬ್ಬಲಿ ಕರು ಕೊಟ್ಟಿಗೆಯಲ್ಲಿ ಏನೇನು ಪಡುತ್ತದೆಂದು ಕಣ್ಣಾರೆ ಕಂಡವನೇ ಇದನ್ನು ಕಟ್ಟಿರಬೇಕು. ಹಾಲು ಬತ್ತದ ಹಸು ಬೇರೆ ಕರುವನ್ನು ಒದೆಯುವುದನ್ನು ಹಾಲು ಕರೆಯುವ ಹೆಂಗಸರು ದಿನವೂ ನೋಡುತ್ತಾರೆ.

ಮುಂದೆ ಹಾಡು ಶಾಲೆಯ ಪಠ್ಯಕ್ಕೆ ಬಂತು. ಅಳದೆ ಅದನ್ನು ಓದಿ ಮುಗಿಸಿದ ಮಕ್ಕಳು ಕಡಿಮೆ. ಪಕ್ಕದ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪ ಹಾಡಿನಿಂದಲೇ ಹೆಸರು ಪಡೆದು 1968ರಲ್ಲಿ ‘ತಬ್ಬಲಿಯು ನೀನಾದೆ ಮಗನೆ’ ಕಾದಂಬರಿ ಬರೆದರು. ಅದರಲ್ಲಿ ಅಮೆರಿಕದಲ್ಲಿ ಓದಿ ಬಂದ ಕಾಳಿಂಗನಿಗೆ ಹಸು ಎಂದರೆ ಆದಾಯ, ಮನೆಯವರಿಗೆ ತಾಯಿ. 1977ರಲ್ಲಿ ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದರು. ರಾಷ್ಟ್ರಪ್ರಶಸ್ತಿಯಲ್ಲಿ ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆನಿಸಿತು. 2020ರಲ್ಲಿ ರವಿಶಂಕರ್ ಅವರ ಸಂಸ್ಕೃತ ಅನಿಮೇಷನ್ ಚಿತ್ರದಲ್ಲಿ ಪುಣ್ಯಕೋಟಿಗೆ ನಟಿ ರೇವತಿ ದನಿಯಾದರು, ಇಳಯರಾಜ ಸಂಗೀತ ಕೊಟ್ಟರು. ಹಟ್ಟಿಯ ಹಸು ಸಂಸ್ಕೃತದಲ್ಲಿ ಮಾತಾಡಿತು. ಬಂದ ದಾರಿಯಲ್ಲೇ ಒಂದು ಸಲ ಹಿಂದಿರುಗಿದ ಹಾಗೆ.

ಹುಲಿ ಸತ್ತಲ್ಲಿಗೆ ಹಾಡು ಮುಗಿಯಿತೆಂದು ಹಲವರು ತಿಳಿದಿದ್ದಾರೆ. ಇಲ್ಲ. ಪುಣ್ಯಕೋಟಿ ಹಟ್ಟಿಗೆ ಮರಳಿ, ಕರುವಿಗೆ ಹಾಲೂಡಿ, ಗೊಲ್ಲನನ್ನು ಕರೆದು, ನನ್ನ ವಂಶದ ಹಸುಗಳೂ ನಿನ್ನ ವಂಶದ ಗೊಲ್ಲರೂ ಸಂಕ್ರಾಂತಿಗೆ ಕೃಷ್ಣನನ್ನು ನೆನೆಯಿರಿ ಎನ್ನುತ್ತಾಳೆ. ಅದೇ ಸಂಕ್ರಾಂತಿಯ ಸಂಜೆ ನಮ್ಮೂರುಗಳಲ್ಲಿ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು ಕಿಚ್ಚು ಹಾಯಿಸುತ್ತೇವೆ. ಈ ಸಲ ಕಿಚ್ಚು ಆರುವ ಮೊದಲು ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು ಹಾಡನ್ನು ಕೊನೆಯವರೆಗೂ ಹಾಡಿ.